ಸಾಕಮ್ಮತ್ತೆ ಅತ್ತದ್ದು, ನಾನು ಬರೆದದ್ದು

ನನ್ನನ್ನು ಹಾಸ್ಯ ಸಾಹಿತಿ ಎಂದು ಕರೆಯುವ ಜನ ಈಗ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಇದ್ದಾರೆ. ಅವರ ಮುಂದೆ ಒಪ್ಪಿಕೊಳ್ಳದ ಸಂಗತಿಯೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ: ನನಗೆ ನಗಿಸಲು ಬರುವುದಿಲ್ಲ. ಮನೆಯಲ್ಲಿ ಒಂದು ನಗೆಹನಿ ಹೇಳಿದರೆ ನನ್ನ ಹೆಂಡತಿ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಆಮೇಲೆ?" ಎನ್ನುತ್ತಾಳೆ.

ನಾನು ಮಂಡ್ಯದ ಒಂದು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತ. ಮನೆ ವೈದ್ಯನಾಥಪುರದಲ್ಲಿ. ಬೆಳಿಗ್ಗೆ ಮದ್ದೂರಿನಲ್ಲಿ ರೈಲು ಹತ್ತಿ ಕೂತರೆ ಬರೆಯಲು ಶುರು. ಹನಕೆರೆಯಲ್ಲಿ ಜನ ಹತ್ತಿದರೆಂದರೆ ಮೊಣಕೈ ಆಡಿಸಲು ಜಾಗವಿರುವುದಿಲ್ಲ, ಆದ್ದರಿಂದ ಅಷ್ಟರೊಳಗೆ ಹಾಸ್ಯ ಮುಗಿದಿರಬೇಕು. ಹೀಗೆ ವರ್ಷಗಟ್ಟಲೆ ಬರೆದು ಪತ್ರಿಕೆಗಳಿಗೆ ಕಳಿಸಿದೆ. ಎಲ್ಲವೂ ಕ್ಷೇಮವಾಗಿ ಹಿಂದಿರುಗಿದವು. ಊರಿನವರ ಟಪಾಲನ್ನೆಲ್ಲ ವಿಲೇವಾರಿ ಮಾಡುವವನಿಗೆ ತನ್ನ ಟಪಾಲನ್ನು ಮಾತ್ರ ವಿಲೇವಾರಿ ಮಾಡಲು ಆಗಲಿಲ್ಲ.

ಕೊನೆಗೆ ಬೇಸತ್ತು ಜಾಲತಾಣದಲ್ಲಿ ಹಾಕತೊಡಗಿದೆ. ಅಲ್ಲಿ ವಾಪಸ್ಸು ಕಳಿಸುವವರಿಲ್ಲ ಎಂಬುದೊಂದೇ ಸಮಾಧಾನ. ಓದುವವರೂ ಇರಲಿಲ್ಲ. ಹಾಗಿರುವಾಗ ಒಂದು ದಿನ ಸಾಕಮ್ಮತ್ತೆಯ ಬಗ್ಗೆ ಬರೆದೆ.

ಸಾಕಮ್ಮ ನಮ್ಮಪ್ಪನ ಒಬ್ಬಳೇ ತಂಗಿ. ಬೆಳಕವಾಡಿಗೆ ಕೊಟ್ಟಿದೆ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಸುತ್ತಮುತ್ತ ಅವಳನ್ನು ಮೀರಿಸಿದವರಿಲ್ಲ. ನಮ್ಮ ಕಡೆ ಹೆಂಗಸರು ಬರಿದೇ ಕಣ್ಣೀರು ಹಾಕಿದರೆ ಅತ್ತ ಲೆಕ್ಕಕ್ಕೆ ಬರುವುದಿಲ್ಲ. ಸತ್ತವರ ಗುಣ ಅವಗುಣ, ಉಂಡದ್ದು ಉಟ್ಟದ್ದು, ಆಡಿದ ಜಗಳ, ಎಲ್ಲವನ್ನೂ ರಾಗವಾಗಿ ಹೇಳಿಕೊಂಡು, ಹೆಣದ ಎದುರೇ ನ್ಯಾಯ ಕೇಳಿಕೊಂಡು ಅಳಬೇಕು. ಹಾಸ್ಯರಸಕ್ಕೂ ಕರುಣರಸಕ್ಕೂ ಆಗಿಬರುವುದಿಲ್ಲ ಎಂದು ಅಲಂಕಾರಶಾಸ್ತ್ರದ ಪಂಡಿತರು ಬರೆದಿಟ್ಟಿದ್ದಾರಂತೆ. ಅವರಾರೂ ಬೆಳಕವಾಡಿಯ ಸಾವಿಗೆ ಬಂದವರಲ್ಲ ಎಂದು ಕಾಣುತ್ತದೆ.

ಅತ್ತೆಯ ಪಕ್ಕದ ಮನೆಯ ಕಾಳೇಗೌಡರು ತೀರಿಕೊಂಡಾಗ ನಾನೂ ಅಲ್ಲಿದ್ದೆ. ಹುಣಸೆಹಣ್ಣು ಬಡಿಯಲೆಂದು ಅತ್ತೆಯ ಮನೆಯ ಏಣಿ ಒಯ್ದಿದ್ದ ಗೌಡರು ಅದನ್ನು ಹಿಂದಿರುಗಿಸುವ ಮೊದಲೇ ಹೋಗಿಬಿಟ್ಟಿದ್ದರು. ಅತ್ತೆ ಎದೆ ಬಡಿದುಕೊಂಡು, "ಉಣಸೇಮರಕ್ಕೆ ಅಂತ ನಮ್ಮೇಣಿ ಇಸ್ಕೊಂಡೋದವ್ನು ಸ್ವರ್ಗಕ್ಕೇ ಅತ್ಬುಟ್ಯಲ್ಲೋ ನಮ್ಮಣ್ಣಾ, ಇಳಿಯೋಕ್ ಮರ್ತ್ಬುಟ್ಯಲ್ಲೋ" ಎಂದಳು. ನಾನು ಅದನ್ನೇ, ಅಕ್ಷರ ಬಿಡದೆ, ಮರುದಿನ ರೈಲಿನಲ್ಲಿ ಬರೆದು ಹಾಕಿದೆ.

ಆಮೇಲೆ ನಡೆದದ್ದನ್ನು ಯಶಸ್ಸು ಎನ್ನುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಫೋನು ಬಿಸಿಯಾಗಿತ್ತು. ವಾರದೊಳಗೆ ಅದು ಕಂಡಕಂಡ ಗ್ರೂಪುಗಳಲ್ಲೆಲ್ಲ ಸುತ್ತಾಡಿ, ನನ್ನ ಹೆಸರನ್ನು ದಾರಿಯಲ್ಲೆಲ್ಲೋ ಉದುರಿಸಿಕೊಂಡು, ನನ್ನ ಭಾವಮೈದುನನ ಮೂಲಕ ನನಗೇ ಬಂತು. ಕೆಳಗೆ ಅವನು, "ಭಾವ, ನೀವೂ ಹಿಂಗೆ ಬರೆಯೋದು ಕಲೀರಿ" ಎಂದು ಸೇರಿಸಿದ್ದ. ಹೆಸರು ಮತ್ತೆ ಅಂಟಿಕೊಳ್ಳುವ ಹೊತ್ತಿಗೆ ಮಂಡ್ಯದಲ್ಲಿ ಒಂದು ಹಾಸ್ಯಸಂಜೆ, ಮಳವಳ್ಳಿಯಲ್ಲಿ ಒಂದು ಸನ್ಮಾನ ಆದವು. ಪೇಟ ತೊಡಿಸಿದರು, ಅದು ಕಿವಿಯವರೆಗೆ ಇಳಿಯಿತು. ನಿರೂಪಕರು ನನ್ನನ್ನು "ಏಣಿ ಖ್ಯಾತಿಯ" ಎಂದು ಪರಿಚಯಿಸಿದರು. ನಾನು ಕಷ್ಟಪಟ್ಟು, ಸ್ವಂತವಾಗಿ ರಚಿಸಿದ ಹಾಸ್ಯವನ್ನು ಓದಿದಾಗ ಸಭಿಕರು ನನ್ನ ಹೆಂಡತಿಯ ಹಾಗೆಯೇ ತಾಳ್ಮೆಯಿಂದ ಕೇಳಿ, ಕೊನೆಗೆ ಅತ್ತೆಯದನ್ನು ಹೇಳಿ ಎಂದರು. ಹೇಳಿದೆ. ಸನ್ಮಾನಗಳು ಮುಂದುವರಿದವು.

ನಮ್ಮಪ್ಪನಿಗಂತೂ ಖುಷಿಯೋ ಖುಷಿ. ಜಗಲಿಯ ಮೇಲೆ ಕೂತು ನನ್ನಿಂದ ಅದನ್ನು ಮತ್ತೆ ಮತ್ತೆ ಓದಿಸಿ, ಕೆಮ್ಮು ಬರುವವರೆಗೆ ನಗುತ್ತಿದ್ದರು. ಒಂದು ಸಲ ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, "ನಾನ್ ಸತ್ತಾಗ ಸಾಕಿ ಏನಂತಾಳೋ ಕಣ್ಲಾ. ಕೇಳಾಕೆ ನಾನೇ ಇರಾಕಿಲ್ವಲ್ಲ" ಎಂದರು. ಅವರಿಗೆ ನಿಜಕ್ಕೂ ಅದೊಂದು ಕೊರತೆಯಾಗಿ ಕಂಡಿತ್ತು.

ಅತ್ತೆಗೆ ಓದಲು ಬಾರದು. ತನ್ನ ಖ್ಯಾತಿಯ ಸುದ್ದಿ ಅವಳಿಗೆ ತಲುಪಿದ್ದು ಮಳವಳ್ಳಿಯಲ್ಲಿ ನೆಂಟರೊಬ್ಬರು ತೀರಿಕೊಂಡಾಗ. ಅವಳು ಬಾಗಿಲಿಗೆ ಬಂದದ್ದೇ ತಡ, ಅಂಗಳದಲ್ಲಿ ಒಂದು ಸಂಚಲನ. ಐದಾರು ಫೋನುಗಳು ಮೇಲೆದ್ದವು. ಸತ್ತವರ ಅಳಿಯ, "ಅಮ್ಮಾ, ವಸಿ ಈ ಕಡೀಕ್ ತಿರೀಕೊಳಿ" ಎಂದ. ಅತ್ತೆ ಮೊದಲ ಸಾಲು ಎತ್ತಿದಳು. ಯಾರೋ ಕಿಸಕ್ಕೆಂದರು. ಎರಡನೆಯ ಸಾಲು ಬರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೊರಗಿನ ಹೊಂಗೆಮರದ ಕೆಳಗೆ ಹೋಗಿ ಕೂತಳು.

ನನ್ನ ಬರಹದ ವಿಷಯ ಅಲ್ಲಿ ಯಾರೋ ಹೇಳಿರಬೇಕು, ಸಾವಿಗೆ ಬಂದಿದ್ದ ನನ್ನನ್ನು ಕರೆದು, "ಏನ್ಲಾ ಬರ್ದಿದ್ದೀಯೆ ನನ್ ಮೇಲೆ? ಓದು" ಎಂದಳು. ಓದಿದೆ. ಸಭೆಗಳಲ್ಲಿ ಚಪ್ಪಾಳೆ ಬೀಳುವ ಜಾಗಗಳಲ್ಲಿ ಅಭ್ಯಾಸಬಲದಿಂದ ಒಂದಿಷ್ಟು ನಿಲ್ಲಿಸಿದೆ ಕೂಡ. ಅವಳು ಕೊನೆಯವರೆಗೂ ಕೇಳಿದಳು.

"ಎಲ್ಲಾ ನಾನಂದಿದ್ದೇಯ. ಒಂದಕ್ಸರ ಸುಳ್ಳಿಲ್ಲ. ಆದ್ರೆ ನಾನ್ ಅಳ್ತಿದ್ದೆ ಅಂತ ಎಲ್ಲಿ ಬರ್ದಿದ್ದೀಯೆ, ತೋರ್ಸು."

ನಾನು ಫೋನಿನ ಮೇಲೆ ಬೆರಳಾಡಿಸಿ ಮೇಲಿಂದ ಕೆಳಗೆ ಹುಡುಕಿದೆ. ಇದ್ದರೆ ತಾನೆ ಸಿಗುವುದು. ನಾಚಿಕೆಯಾಯಿತು. ಆ ಬರಹವನ್ನು ಅಂದೇ ಅಳಿಸಿದೆ, ಆದರೆ ಅಷ್ಟರಲ್ಲಿ ಅದು ನನ್ನ ಕೈಯಲ್ಲಿರಲಿಲ್ಲ. ಮುಂದಿನ ಸಾವುಗಳಲ್ಲಿ ಅತ್ತೆ ಬಂದಳು, ಹೂವು ಹಾಕಿದಳು, ಗೋಡೆಗೊರಗಿ ಸುಮ್ಮನೆ ಕೂತಳು. "ಸಾಕಮ್ಮಂಗೆ ವಯಸ್ಸಾಯ್ತು" ಎಂದು ಜನ ಮಾತಾಡಿಕೊಂಡರು. ಕಾರಣ ಬಲ್ಲವನು ನಾನೊಬ್ಬನೇ.

ಹೋದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ಅಪ್ಪ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹಾಗೇ ಕಂಬಕ್ಕೆ ಒರಗಿದವರು. ಜಗಲಿಯ ಮೇಲೆಯೇ ಮಲಗಿಸಿದೆವು. ಅತ್ತೆ ಮಳವಳ್ಳಿಗೆ ಬಂದು ಬಸ್ಸು ಹಿಡಿದು, ಮದ್ದೂರಿನಲ್ಲಿ ಆಟೋ ಹತ್ತಿ ಬಂದಳು. ಅಣ್ಣನ ತಲೆಯ ಪಕ್ಕ ಕೂತಳು. ಊರಿನ ಹೆಂಗಸರೆಲ್ಲ ಸುತ್ತ ನೆರೆದು ಅವಳು ಅಳು ಎತ್ತಲಿ ಎಂದು ಕಾದರು. ಅವಳಿರುವಾಗ ಬೇರೆ ಯಾರೂ ಎತ್ತುವುದಿಲ್ಲ, ಅದೊಂದು ಮರ್ಯಾದೆ. ಅತ್ತೆ ಒಮ್ಮೆ ಅಂಗಳದ ಕಡೆ ನೋಡಿದಳು. ಅಲ್ಲಿ ಫೋನು ಹಿಡಿದು ಯಾರೂ ನಿಂತಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು. ಬಾಯಿ ತೆರೆಯಲಿಲ್ಲ.

ಅಪ್ಪ ಅಷ್ಟು ಆಸೆಯಿಂದ ಕಾದಿದ್ದ ಅಳು ಅವರಿಗೆ ಸಿಗದೆ ಹೋಗುತ್ತಿತ್ತು. ಚಟ್ಟ ಕಟ್ಟುವವರು ಬಿದಿರು ಸೀಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಜೇಬಿನ ಫೋನು ತೆಗೆದು ಒಳಗಿನ ಗೂಡಿನಲ್ಲಿಟ್ಟು ಬಂದೆ. ನಮ್ಮಲ್ಲಿ ಗಂಡಸರು ಹಾಡಿಕೊಂಡು ಅಳುವ ಪದ್ಧತಿಯಿಲ್ಲ. ಆದರೂ ಅಪ್ಪನ ಕಾಲ ಬಳಿ ಕೂತು, ಕಣ್ಣು ಮುಚ್ಚಿಕೊಂಡು, ಗಟ್ಟಿಯಾಗಿ ಎತ್ತಿದೆ:

"ಅಪ್ಪಾ, ನಿಮ್ಮ ಅಗಲಿಕೆಯಿಂದ ನಮಗೆಲ್ಲ ತುಂಬಲಾರದ ನಷ್ಟವಾಯಿತಲ್ಲಪ್ಪಾ…"

ಬಿದಿರು ಸೀಳುವ ಸದ್ದು ನಿಂತಿತು. ಮೂರೂ ತಾಲ್ಲೂಕಿನಲ್ಲಿ ಸನ್ಮಾನಗೊಂಡ ನನಗೆ ಹೊಳೆದದ್ದು ಅಷ್ಟೇ. ಎರಡನೆಯ ಸಾಲಿಗೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಅತ್ತೆ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಏನ್ಲಾ ಅದು, ಪಂಚಾಯ್ತಿ ನೋಟೀಸ್ ಓದ್ದಂಗೆ? ನಿಮ್ಮಪ್ಪ ಕಣ್ಲಾ ಓಗಿರೋದು! ಸರ್ಕೊ ಅತ್ಲಾಗೆ."

ನಾನು ಸರಿದೆ. ಅವಳು ಎರಡೂ ಕೈಯಲ್ಲಿ ಅಣ್ಣನ ಮುಖ ಹಿಡಿದುಕೊಂಡು, "ಅಣ್ಣಯ್ಯಾ" ಎಂದು ಎತ್ತಿದಳು.

ಆಗ ಅವಳು ಏನೇನು ಹೇಳಿದಳೆಂದು ನೀವು ಕೇಳಬಹುದು. ಬರೆದರೆ ಏಣಿಯನ್ನು ಮೀರಿಸುತ್ತಿತ್ತು, ಆ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಬರೆಯುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ನಡುವೆ ಎರಡು ಸಲ ನಾವೆಲ್ಲ ನಕ್ಕುಬಿಟ್ಟೆವು, ನಾನೂ ನಕ್ಕೆ. ಅತ್ತೆ ತಲೆಯೆತ್ತಿ ಸುತ್ತ ನೋಡಿದಳು. ನಕ್ಕವರ ಕಣ್ಣಲ್ಲೆಲ್ಲ ನೀರಿತ್ತು. ಅವಳು ಅಳು ಮುಂದುವರಿಸಿದಳು.