ದಿಬ್ಬದ ಮೇಲೆ ಹೊಗೆಯಾಡಿದ ಬಂದೂಕು

ವಿಜಯನಗರದ ಆಚೆ ಖಾಲಿ ಜಾಗವೊಂದನ್ನು ಬಾಡಿಗೆಗೆ ಹಿಡಿದು ನಾನೂ ನನ್ನ ತಮ್ಮನೂ, ಬಣ್ಣದ ಗುಂಡು ಹೊಡೆದು ಆಡುವ ಪೇಂಟ್‌ಬಾಲ್ ಮೈದಾನ ಶುರುಮಾಡಿದಾಗ, ಬರುವವರೆಲ್ಲ ಕಾಲೇಜು ಹುಡುಗರೇ ಎಂದುಕೊಂಡಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಚಾಮರಾಜಪುರಂನ ಭಜನಾ ಮಂಡಳಿಯ ಹೆಂಗಸರು ವ್ಯಾನಿನಲ್ಲಿ ಬಂದಿಳಿದರು. ಎದುರಾಳಿಗಳು ಅವರವರ ಗಂಡಂದಿರೇ. ಎದುರು ತಂಡದ ಬಾವುಟ ಕಿತ್ತು ತಂದವರು ಗೆದ್ದಂತೆ.

ಹೆಂಗಸರ ಮುಂದಾಳು ನಿವೃತ್ತ ಪಿ.ಟಿ. ಟೀಚರ್. ಮುಖಕ್ಕೆ ಮಾಸ್ಕ್ ಬಿಗಿದುಕೊಂಡವರೇ ಮಣ್ಣಿನ ದಿಬ್ಬ ಹತ್ತಿ, ಬೋರಲು ಮಲಗಿ, ಕೆಳಗಿದ್ದ ಗಂಡಸರ ಬಾವುಟದ ಕಡೆ ಬಂದೂಕು ಬಗ್ಗಿಸಿದರು. ಒಂದೆರಡು ಗುಂಡು ನೆಟ್ಟಗೆ ಹೋದವು. ಆಮೇಲೆ ಬುಸ್ಸೆಂದು ಬಿಳಿ ಹೊಗೆ ಬಂತು. ಬಣ್ಣದ ಗುಂಡು ನಳಿಗೆಯಲ್ಲೇ ಒಡೆದುಹೋಯಿತು. ಕೆಳಗೆ ಗಂಡಸರು ಚಪ್ಪಾಳೆ ತಟ್ಟಿದರು.

"ಏನಮ್ಮಾ ಇದು, ಕುಕ್ಕರ್ ಥರ ಕೂಗ್ತಾ ಇದೆ!" ಎಂದು ಟೀಚರ್ ಬಂದೂಕು ಎತ್ತಿ ತೋರಿಸಿದರು. ಅದರ ಮೈಮೇಲೆ ಮಂಜು ಕಟ್ಟಿತ್ತು.

ತಮ್ಮ ಓಡಿಹೋಗಿ ಬೇರೆ ಬಂದೂಕು ಕೊಟ್ಟ. ಅದೂ ಹಾಗೇ ಮಾಡಿತು.

"ಅವರ ಕೈಗೆ ಹೋದದ್ದೆಲ್ಲ ಕೆಟ್ಟೋಗ್ತಾ ಇದೆ ಕಣಕ್ಕ," ಎಂದು ಪಿಸುಗುಟ್ಟಿದ.

ಆಟ ನಿಲ್ಲಿಸಿ, ಮೊದಲಿನ ಬಂದೂಕನ್ನು ನಾನೇ ತೆಗೆದುಕೊಂಡೆ. ಸಮನೆಲದಲ್ಲಿ ನಿಂತು ಹೊಡೆದರೆ ಸರಿಯಾಗಿತ್ತು. ದಿಬ್ಬದಿಂದ ಕೆಳಮುಖವಾಗಿ ಹೊಡೆದರೆ ಮತ್ತೆ ಹೊಗೆ. ಆಗ ಹೊಳೆಯಿತು. ಬಂದೂಕಿಗೆ ಜೋಡಿಸಿದ ಪುಟ್ಟ ಸಿಲಿಂಡರಿನೊಳಗಿನ ಕಾರ್ಬನ್ ಡೈಆಕ್ಸೈಡ್ ಬಹುಪಾಲು ದ್ರವ. ಗುಂಡನ್ನು ತಳ್ಳಬೇಕಾದದ್ದು ಅದರ ಮೇಲಿರುವ ಅನಿಲ ಮಾತ್ರ. ನಾವು ಸಿಲಿಂಡರನ್ನು ಬಂದೂಕಿನ ಹಿಂಭಾಗಕ್ಕೆ, ಅದರ ಬಾಯಿ ಮುಂದಾಗುವಂತೆ ಅಡ್ಡಲಾಗಿ ತಿರುಗಿಸಿಟ್ಟಿದ್ದೆವು. ನಳಿಗೆ ಬಗ್ಗಿದರೆ ದ್ರವ ಬಾಯಿಗೆ ಹರಿದು ಬಂದೂಕಿನೊಳಗೇ ನುಗ್ಗುತ್ತಿತ್ತು. ಅಲ್ಲಿ ಒಮ್ಮೆಲೇ ಆವಿಯಾಗಿ, ಆ ತಣ್ಪಿಗೆ ಹೊಗೆಯೆದ್ದು ಗುಂಡು ಒಡೆಯುತ್ತಿತ್ತು.

ಬಂದೂಕಿನ ಜೊತೆ ಬಂದಿದ್ದ ಸುರುಳಿ ಪೈಪುಗಳು ಶೆಡ್ಡಿನಲ್ಲಿ ಬಿದ್ದಿದ್ದವು. ಕಾಲಿಗೆ ತೊಡರುತ್ತವೆ ಎಂದು ನಾವು ಬಳಸಿಯೇ ಇರಲಿಲ್ಲ. ತಮ್ಮ ಒಂದನ್ನು ಬಂದೂಕಿಗೂ ಸಿಲಿಂಡರಿಗೂ ನಡುವೆ ಜೋಡಿಸಿದ. ಸಿಲಿಂಡರನ್ನು ಬಾಯಿ ಮೇಲಾಗಿ ನಿಲ್ಲಿಸಿ ಟೀಚರ್ ಸೊಂಟದ ಚೀಲಕ್ಕೆ ಕಟ್ಟಿದೆವು.

"ಮಲಗಬೇಡಿ ಟೀಚರ್. ನೀವು ಮಲಗಿದ್ರೆ ಸಿಲಿಂಡರೂ ಮಲಗುತ್ತೆ. ಮಂಡಿಯೂರಿ ಹೊಡೀರಿ," ಎಂದೆ. "ಒಂದೇ ಸಮನೆ ಹೊಡೆದ್ರೂ ಅದು ತಣ್ಣಗಾಗಿ ಒತ್ತಡ ಇಳಿದುಹೋಗುತ್ತೆ. ಸ್ವಲ್ಪ ಬಿಟ್ಟು ಬಿಟ್ಟು ಹೊಡೀಬೇಕು."

"ಅಷ್ಟೇ ತಾನೇ? ಡ್ರಿಲ್ ಮಾಡಿಸಿದಂಗೆ ಮಾಡ್ತೀನಿ ಬಿಡಿ."

ಮತ್ತೆ ಆಟ ಶುರುವಾಯಿತು. ದಿಬ್ಬದ ಮೇಲೆ ಮಂಡಿಯೂರಿ ಕೂತ ಟೀಚರ್, "ಏಕ್... ದೋ..." ಎನ್ನುತ್ತ ಒಂದೊಂದೇ ಗುಂಡು ಬಿಟ್ಟರು. ಹೊಗೆಯಿಲ್ಲ, ಮಂಜಿಲ್ಲ. ಗಂಡಸರು ಟೈರುಗಳ ಹಿಂದಿನಿಂದ ತಲೆ ಎತ್ತುವಂತಿರಲಿಲ್ಲ. ಧೈರ್ಯ ಮಾಡಿ ಓಡಿದ ಟೀಚರ್ ಯಜಮಾನರ ಎದೆಯ ಮೇಲೆ ಹಳದಿ ಬಣ್ಣ ಪಟ್ಟೆಂದು ಒಡೆಯಿತು. ಅಷ್ಟರಲ್ಲಿ ಉಳಿದ ಹೆಂಗಸರು ಹೋಗಿ ಬಾವುಟ ಕಿತ್ತುಕೊಂಡು ಬಂದುಬಿಟ್ಟರು.

ಯಜಮಾನರು ಮಾಸ್ಕ್ ತೆಗೆದು ನನ್ನ ಹತ್ತಿರ ಬಂದರು. ರೇಗುತ್ತಾರೇನೋ ಎಂದುಕೊಂಡೆ.

"ಮನೇಲಿ ಒಂದು ದಿನಾನೂ ಗುರಿ ತಪ್ಪಿದೋಳಲ್ಲ ಕಣಮ್ಮ," ಎಂದರು ನಗುತ್ತ. "ಇಲ್ಲಿ ತಪ್ಪಿದಾಗಲೇ ನಂಗೆ ಅನುಮಾನ ಬಂದಿತ್ತು, ಬಂದೂಕಿನದೇ ಏನೋ ತೊಂದರೆ ಅಂತ."

ಆಮೇಲೆ ಹೊಂಗೆ ಮರದ ಕೆಳಗೆ ಎಲ್ಲರೂ ಕೂತೆವು. ಅವರು ತಂದಿದ್ದ ಪುಳಿಯೋಗರೆಯನ್ನು ಟೀಚರೇ ಎಲ್ಲರಿಗೂ ಬಡಿಸಿದರು. ತಮ್ಮ ಒಂದು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ, ಶೆಡ್ಡಿನಲ್ಲಿ ಉಳಿದ ಪೈಪುಗಳು ಎಲ್ಲಿವೆಯೆಂದು ನನ್ನನ್ನು ಕೇಳುತ್ತಿದ್ದ.