ಅಕ್ಕನ ಹಿಂದೆ ಬೆಟ್ಟಕ್ಕೆ

ಇಪ್ಪತ್ತೆರಡು ವರ್ಷ ನಾನು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದೆ. ಬೆಳಿಗ್ಗೆ ಹ್ಯಾಂಡ್‌ಪೋಸ್ಟ್ ಬಿಟ್ಟು ಎಚ್.ಡಿ. ಕೋಟೆ, ಹುಣಸೂರು ಮುಟ್ಟಿಕೊಂಡು ಕೆ.ಆರ್. ನಗರಕ್ಕೆ ಹೋಗಿ ಬರುವುದು ನನ್ನ ಕೆಲಸ. ಎಲ್ಲಿ ಹಂಪ್ ಇದೆ, ಯಾವ ತಿರುವಿನಲ್ಲಿ ಹೊಗೆಸೊಪ್ಪಿನ ಟ್ರ್ಯಾಕ್ಟರ್ ಅಡ್ಡ ನಿಂತಿರುತ್ತದೆ, ಯಾವ ಊರಿನ ಅಜ್ಜಿ ಕೈ ತೋರಿಸದೆಯೇ ಬಸ್ಸು ನಿಲ್ಲಲಿ ಎಂದು ಕಾಯುತ್ತಾಳೆ, ಎಲ್ಲ ಗೊತ್ತಿತ್ತು. ಒಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕತ್ತಲಾದ ಮೇಲಿನ ಟ್ರಿಪ್ಪನ್ನು ನಾನು ಒಪ್ಪಿಕೊಳ್ಳುತ್ತಿರಲಿಲ್ಲ. ಹೆಂಡತಿಗೆ ಹುಷಾರಿಲ್ಲ, ಮಗಳಿಗೆ ಜ್ವರ, ಹೀಗೆ ಏನಾದರೊಂದು ನೆಪ ಹೇಳುತ್ತಿದ್ದೆ. ಮಬ್ಬಾದರೆ ನನಗೆ ಕಾಣುವುದು ಕಡಿಮೆ. ಎಲ್ಲರಿಗೂ ಅಷ್ಟೇ ಇರಬಹುದು ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಒಂದು ದಿನ ಹುಣಸೂರಿನಲ್ಲಿ ಟೈರ್ ಪಂಕ್ಚರ್ ಆಗಿ ಹೊರಡುವುದು ತಡವಾಯಿತು. ಹೊತ್ತು ಮುಳುಗಿತ್ತು, ಆದರೆ ಪೂರ್ತಿ ಕತ್ತಲಾಗಿರಲಿಲ್ಲ. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ "ಅಣ್ಣ, ಎಡಕ್ಕೆ, ಎಡಕ್ಕೆ ಅಜ್ಜಿ" ಎಂದು ಕೂಗಿಕೊಂಡ. ಬ್ರೇಕ್ ಒತ್ತಿ ಇಳಿದು ಓಡಿದೆ. ಅಜ್ಜಿಯ ತಲೆ ಮೇಲಿದ್ದ ಸೌದೆ ಹೊರೆಗೆ ಬಸ್ಸು ತಾಗಿ ಹೊರೆ ರಸ್ತೆ ತುಂಬ ಚೆಲ್ಲಿತ್ತು. ಅವಳು ಬೇಲಿ ಪಕ್ಕ ಕೂತುಬಿಟ್ಟಿದ್ದಳು. ಮೈಗೆ ಏನೂ ಆಗಿರಲಿಲ್ಲ.

"ಕಾಣ್ನಿಲ್ವಾ ಮಗ?" ಎಂದು ಕೇಳಿದಳು. ಬೈಗುಳವಲ್ಲ ಅದು, ನಿಜವಾಗಿಯೂ ಕೇಳಿದ್ದು.

"ಕಾಣ್ನಿಲ್ಲ ಕಣವ್ವ," ಅಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಮಾರನೆಯ ದಿನ ಮಾಲೀಕರ ಮನೆಗೆ ಹೋಗಿ ಕೀ ಕೊಟ್ಟು ಬಂದೆ.

ಮೈಸೂರಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಪರದೆ ಅಂಚಿನಿಂದ ಒಣಗುತ್ತಾ ಬಂದಿದೆ, ಮೊದಲು ಕತ್ತಲಿನದು ಹೋಗುತ್ತದೆ, ಆಮೇಲೆ ಪಕ್ಕದ್ದು, ಕೊನೆಗೆ ಎದುರಿನದೂ ಹೋಗಬಹುದು, ಇದಕ್ಕೆ ಔಷಧಿ ಇಲ್ಲ ಎಂದರು. "ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದೀರಾ?" ಎಂದು ಕೇಳಿದರು. ಹೌದು, ಸೋದರಮಾವನ ಮಗಳು ಅಂದೆ. "ಮಕ್ಕಳು?" ಒಬ್ಬಳು ಮಗಳು, ಪಿಯುಸಿ ಓದುತ್ತಿದ್ದಾಳೆ ಅಂದೆ. "ಒಂದು ಸಲ ಕರಕೊಂಡು ಬನ್ನಿ," ಎಂದರು ಅವರು, ತಲೆಯೆತ್ತದೆ ಬರೆಯುತ್ತಾ.

ಮನೆಗೆ ಬಂದು ಹೆಂಡತಿಗೆ ಅರ್ಧ ಮಾತ್ರ ಹೇಳಿದೆ. ನನ್ನ ಕಣ್ಣು ಕೆಟ್ಟಿದೆ, ಇನ್ನು ಗಾಡಿ ಓಡಿಸುವಂತಿಲ್ಲ ಎಂದೆ. ಮಗಳ ಮಾತನ್ನು ನುಂಗಿಕೊಂಡೆ. ಆಮೇಲಿನ ಎಂಟು ತಿಂಗಳು ಜಗಲಿಯ ಮೇಲೆ ಕೂತೇ ಕಳೆದೆ. ಸಂಜೆ ಮಗಳು ಹಿತ್ತಲಿನಿಂದ ಬರುವಾಗ ಕೊಡಪಾನಕ್ಕೆ ಕಾಲು ತಾಗಿ ಸದ್ದಾದರೆ, ಎಲ್ಲರೂ ಎಡವುತ್ತಾರೆ ಅಂದುಕೊಳ್ಳುತ್ತಿದ್ದೆ. ಮೈಸೂರಿಗೆ ಕರೆದುಕೊಂಡು ಹೋಗಲಿಲ್ಲ. ಗೊತ್ತಾಗದೆ ಇರುವಷ್ಟು ದಿನ ಅದು ಇಲ್ಲ ಎಂದೇ ಲೆಕ್ಕ ಎಂಬಂತೆ ಇದ್ದೆ.

ಶಿವರಾತ್ರಿ ಹತ್ತಿರ ಬಂದಾಗ ಮಿರ್ಲೆಯಿಂದ ಅಕ್ಕ ಬಂದಳು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ನನ್ನನ್ನು ಸಾಕಿದವಳು ಅವಳೇ, ಮುಂದೆ ನಿಂತು ಮದುವೆ ಮಾಡಿದವಳೂ ಅವಳೇ. ಭಾವ ಹೋದ ಮೇಲೆ ಗದ್ದೆ ಕೆಲಸ ತಾನೇ ಮಾಡಿಸುತ್ತಿದ್ದಳು. ಪ್ರತಿ ವರ್ಷ ಊರಿನವರ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಿದ್ದಳು.

"ಈ ಸಲ ನೀನೂ ಬಾ," ಅಂದಳು.

"ನಡೆದ್ರೆ ಕಣ್ಣು ಬಂದ್ಬುಡ್ತದಾ ಅಕ್ಕ?"

"ಬರಕ್ಕಿಲ್ಲ. ಇಲ್ಲಿ ಕುಂತ್ರೂ ಬರಕ್ಕಿಲ್ಲ. ಏಳು."

ದೇವರ ಮೇಲಿನ ನಂಬಿಕೆಯಿಂದ ಹೊರಟೆ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಮಗಳ ಹೆಜ್ಜೆ ಕೇಳಿಸಿಕೊಂಡು ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಹೊರಟೆ.

ಮಿರ್ಲೆಯಿಂದ ಮೂವತ್ತು ಜನ ಹೊರಟೆವು. ಅಕ್ಕಿ, ಪಾತ್ರೆ, ಹಾಸಿಗೆಯನ್ನೆಲ್ಲ ಹೊತ್ತ ಒಂದು ಟೆಂಪೋ ಜೊತೆಗಿತ್ತು. ಬಿಸಿಲು ಏರುವ ಮೊದಲೇ ದಾರಿ ಸವೆಸಬೇಕೆಂದು ಬೆಳಕು ಹರಿಯುವ ಮುಂಚೆ ಎಬ್ಬಿಸುತ್ತಿದ್ದರು. ಆ ಹೊತ್ತಿನಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಅಕ್ಕ ತನ್ನ ಸೆರಗಿನ ತುದಿಯನ್ನು ಕೈಗೆ ಕೊಟ್ಟು ಮುಂದೆ ನಡೆಯುತ್ತಿದ್ದಳು. ಐವತ್ತರ ಹತ್ತಿರ ಬಂದ ಗಂಡಸು ಹೆಂಗಸಿನ ಸೆರಗು ಹಿಡಿದು ಹೋಗುತ್ತಿದ್ದೇನೆ ಎಂದು ಮೊದಲ ದಿನ ಕತ್ತು ಬಗ್ಗಿಸಿಕೊಂಡೇ ನಡೆದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ ಅನ್ನಿಸುತ್ತದೆ. ನೋಡಿದರೂ ನನಗೆ ತಿಳಿಯುವಂತಿರಲಿಲ್ಲ.

ಕೆ.ಆರ್. ನಗರ ದಾಟುವಾಗ ನನ್ನ ಹಳೆಯ ಬಸ್ಸು ಎದುರಿಗೆ ಬಂತು. ನೋಡುವ ಮೊದಲೇ ಸದ್ದು ಗೊತ್ತಾಯಿತು. ಎರಡನೇ ಗೇರಿನಲ್ಲಿ ಅದು ಸ್ವಲ್ಪ ಗೊಣಗುತ್ತದೆ. ಕಂಡಕ್ಟರ್ ಬಸ್ಸು ನಿಲ್ಲಿಸಿ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಹುಷಾರಾಗಿ ಹೋಗ್ಬಾ ಅಣ್ಣ" ಎಂದಷ್ಟೇ ಅಂದು ಹತ್ತಿದ.

ಮೈಸೂರು ದಾಟಿ ನರಸೀಪುರದ ರಸ್ತೆಗೆ ಬಿದ್ದ ಮೇಲೆ ವಾಹನಗಳ ಕಾಟ ಹೆಚ್ಚಾಯಿತು. ಹಿಂದಿನಿಂದ ಬರುವುದನ್ನು ನಾನು ಸದ್ದಿನಲ್ಲೇ ಹೇಳುತ್ತಿದ್ದೆ. "ಲಾರಿ, ಲೋಡ್ ಐತೆ, ಎಡಕ್ಕೆ ಬನ್ನಿ," "ಬಸ್ಸು, ಓವರ್‌ಟೇಕ್ ಮಾಡ್ತಾವ್ನೆ, ನಿಂತ್ಕಳಿ." ಮೂರನೇ ದಿನ ಗುಂಪಿನವರೇ ನನ್ನನ್ನು ಸಾಲಿನ ಕೊನೆಗೆ ಹಾಕಿದರು, ಅಕ್ಕನ ಜೊತೆ. ಎಂಟು ತಿಂಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಆವತ್ತೇ.

ಕೊಳ್ಳೇಗಾಲ ದಾಟಿದ ಮಧ್ಯಾಹ್ನ ಒಂದು ಹುಣಸೆಮರದ ಕೆಳಗೆ ಊಟಕ್ಕೆ ಇಳಿದೆವು. ಉಂಡು ಎಲ್ಲರೂ ಮಲಗಿದರು. ಅಕ್ಕ ನನ್ನ ಅಂಗಾಲಿನ ಬೊಬ್ಬೆಗೆ ಕೊಬ್ಬರಿ ಎಣ್ಣೆ ಸವರುತ್ತಾ ಕೂತಿದ್ದಳು. ಅವಳ ಬೆರಳು ಕಾಲಿನ ಮೇಲೆ ಓಡಾಡುತ್ತಿರುವಾಗ ನನಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಡಾಕ್ಟರು ಮಗಳನ್ನೂ ಕರೆದುಕೊಂಡು ಬಾ ಎಂದದ್ದನ್ನು ಹೇಳಿಬಿಟ್ಟೆ.

ಅಕ್ಕನ ಕೈ ನಿಂತಿತು. "ನಂಗೊತ್ತಿತ್ತು," ಅಂದಳು.

"ಏನ್ ಗೊತ್ತಿತ್ತು?"

"ಮಾವನ್ಗೂ ಇರುಳುಗಣ್ಣು. ಬ್ಯಾರನ್‌ಗೆ ಬೆಂಕಿ ಹಾಕಿದ್ ದಿನ ಅವ್ನು ಯಾವತ್ತಾದ್ರೂ ಕತ್ಲಲ್ಲಿ ಆಚೆ ಹೋಗಿದ್ನಾ?"

ಪಿರಿಯಾಪಟ್ಟಣದ ಕಡೆ ನಮ್ಮ ಸೋದರಮಾವನಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಸೊಪ್ಪು ಏರಿಸಿದ ಮೇಲೆ ಹಗಲು ರಾತ್ರಿ ಬೆಂಕಿ ನೋಡಿಕೊಳ್ಳಬೇಕು. ಮಾವ ಮಾತ್ರ ದೀಪ ಹಚ್ಚಿದ ಮೇಲೆ ಹೊಸಿಲು ದಾಟುತ್ತಿರಲಿಲ್ಲ. ಆಳುಗಳನ್ನೇ ಕಳಿಸುತ್ತಿದ್ದ. ಸೋಮಾರಿ ಎಂದು ಊರೆಲ್ಲ ನಗುತ್ತಿತ್ತು. ನಾವೂ ನಕ್ಕಿದ್ದೆವು.

"ಮಾವನ್ ಅವ್ವ, ನಮ್ಮಜ್ಜಿ ನಂಗೆ ಹೇಳಿದ್ಲು," ಅಕ್ಕ ನೆಲ ನೋಡಿಕೊಂಡು ಹೇಳುತ್ತಾ ಹೋದಳು. "ಇದು ನಮ್ ಮನ್ತನದಲ್ಲಿ ಅದೆ, ಆಚೆ ಬಾಯ್ ಬುಡಬ್ಯಾಡ, ಹೆಣ್ಮಕ್ಳಿಗೆ ಗಂಡು ಸಿಗಕ್ಕಿಲ್ಲ ಅಂತ. ನೀನೂ ಚಿಕ್ಕೋನಿದ್ದಾಗ್ಲೇ ಕತ್ಲಾದ್ರೆ ಗೋಡೆ ಸವರ್ಕಂಡ್ ಬತ್ತಿದ್ದೆ. ಹೊರಗಿನ್ ಹೆಣ್ಣು ತಂದ್ರೆ ಯಾವತ್ತಾದ್ರೂ ಜಗಳ ಆಯ್ತದೆ, ಮಾವನ್ ಮಗ್ಳಾದ್ರೆ ಯಾರೂ ಯಾರ್ನೂ ಕೇಳಂಗಿಲ್ಲ ಅನ್ಕಂಡೆ. ಮಕ್ಕಳ್ ಯೋಚ್ನೆ ನಂಗೆ ಬರ್ನಿಲ್ಲ ಕಣ್ ತಮ್ಮ. ದೇವ್ರಾಣೆಗೂ ಬರ್ನಿಲ್ಲ."

ನಾನು ಎದ್ದು ಚಪ್ಪಲಿ ಹಾಕಿಕೊಂಡು ರಸ್ತೆಗೆ ಬಂದೆ. ಹನೂರಿನವರೆಗೆ ಬೇರೆಯವರ ಜೊತೆ ನಡೆದೆ, ಮಾರನೆಯ ದಿನವೂ ಹಾಗೇ. ಬೆಳಗಿನ ಕತ್ತಲಲ್ಲಿ ಅಕ್ಕನ ಸೆರಗು ಹಿಡಿಯಲಿಲ್ಲ, ಟೆಂಪೋದಲ್ಲಿ ಕೂತೆ. ಅಕ್ಕನ ಮೇಲೆ ಕುದಿಯುತ್ತಿದ್ದ ಸಿಟ್ಟು ಸ್ವಲ್ಪ ಹೊತ್ತಿನಲ್ಲೇ ನನ್ನ ಮೇಲೇ ತಿರುಗುತ್ತಿತ್ತು. ಅವಳು ಮೂವತ್ತು ವರ್ಷ ಮುಚ್ಚಿಟ್ಟಿದ್ದಳು. ನಾನು ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಇಪ್ಪತ್ತೆರಡು ವರ್ಷ ಮುಚ್ಚಿಟ್ಟಿದ್ದೆ. ಮಗಳ ವಿಷಯವನ್ನು ಎಂಟು ತಿಂಗಳಿಂದ ಮುಚ್ಚಿಡುತ್ತಲೇ ಇದ್ದೆ.

ತಾಳಬೆಟ್ಟದಿಂದ ಮೇಲೆ ಕಾಡಿನ ದಾರಿ. ಹಗಲಾದರೂ ಮರದ ನೆರಳು, ಬಿಸಿಲು ಒಂದರೊಳಗೊಂದು ಕಲೆತು ಕಲ್ಲು ಯಾವುದು, ತಗ್ಗು ಯಾವುದು ತಿಳಿಯುತ್ತಿರಲಿಲ್ಲ. ಎರಡು ಸಲ ಬಿದ್ದೆ. ಮೂರನೇ ಸಲ ಬಿದ್ದವನು ಏಳಲಿಲ್ಲ. ಜನ "ಉಘೇ ಮಾದಪ್ಪ" ಎನ್ನುತ್ತಾ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಯಾರೋ ಬಂದು ನನ್ನ ಮುಂದೆ ಬೆನ್ನು ಮಾಡಿ ನಿಂತರು. ಎಣ್ಣೆ ವಾಸನೆಯಿಂದ ಅಕ್ಕ ಎಂದು ಗೊತ್ತಾಯಿತು. ಅವಳು ಕೈ ಚಾಚಲಿಲ್ಲ, ಹಾಗೇ ನಿಂತಿದ್ದಳು. ನಾನೇ ಎದ್ದು ಅವಳ ಹೆಗಲ ಮೇಲೆ ಕೈಯಿಟ್ಟೆ. ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ನಡೆಯಬೇಕಿತ್ತು, ನಡೆದೆವು.

ಗುಡಿಯೊಳಗೆ ಜನ ನೂಕಿದ ಕಡೆ ಹೋದೆ. ಎಲ್ಲರೂ ಕೈ ಮೇಲೆತ್ತಿದರು. ನನಗೆ ಕಂಡಿದ್ದು ದೀಪದ ಒಂದು ಚುಕ್ಕೆ ಮಾತ್ರ. ಈ ಕಣ್ಣಿನ ಕಾಟ ಮಗಳಿಗೆ ಬೇಡ, ನನಗೇ ಸಾಕು ಎಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತು ಬಾಯಿಗೆ ಬರಲೇ ಇಲ್ಲ. ಹಿಂದಿನವರು ತಳ್ಳಿದರು, ಆಚೆ ಬಂದುಬಿಟ್ಟೆ.

ಆದರೆ ಊರಿಗೆ ಬಂದ ದಿನವೇ ಹೆಂಡತಿಯನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅಕ್ಕನ ಬಾಯಲ್ಲಿ ಆ ಮಾತು ಕೇಳಿರದಿದ್ದರೆ ನಾನು ಹೇಳುತ್ತಿರಲಿಲ್ಲ. ಮುಚ್ಚಿಟ್ಟದ್ದು ಮೂವತ್ತು ವರ್ಷದಲ್ಲಿ ಏನಾಗುತ್ತದೆ ಎಂದು ಹುಣಸೆಮರದ ಕೆಳಗೆ ನೋಡಿ ಬಂದಿದ್ದೆ. ಹೆಂಡತಿ ಅಳಲಿಲ್ಲ. "ಅವ್ಳು ಸಂಜೆ ಮೇಲೆ ಅಂಗಡಿಗೆ ಹೋಗು ಅಂದ್ರೆ ಹೋಗಕ್ಕಿಲ್ಲ. ನೀವು ನೋಡಿರ್ನಿಲ್ವಾ? ನಾನು ನೋಡಿದ್ದೆ," ಅಂದಳು. ಒಂದೇ ಮನೆಯಲ್ಲಿ ಇಬ್ಬರೂ ಬೇರೆಬೇರೆಯಾಗಿ ಹೆದರಿಕೊಂಡು ಬದುಕಿದ್ದೆವು.

ಮೈಸೂರಿಗೆ ಮೂವರೂ ಹೋದೆವು. ಮಗಳಿಗೂ ಇದೆ ಎಂದರು ಡಾಕ್ಟರು. ಕಣ್ಣು ಎಷ್ಟು ವರ್ಷ ಉಳಿಯುತ್ತದೆ ಎಂದು ಹೇಳಲಾಗುವುದಿಲ್ಲ ಎಂದರು. ಮಗಳು ನರ್ಸಿಂಗ್ ಓದಬೇಕೆಂದಿದ್ದಳು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಪಕ್ಕ ಕೂತಿದ್ದವಳು, "ಎಂಟು ತಿಂಗಳ ಹಿಂದೆನೇ ಗೊತ್ತಿತ್ತಾ ಅಪ್ಪ?" ಎಂದು ಕೇಳಿದಳು. ಹೌದು ಅಂದೆ. ಆಮೇಲೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನರ್ಸಿಂಗ್ ಬಿಟ್ಟು ಕೋಟೆಯಲ್ಲೇ ಬಿ.ಎ. ಸೇರಿದಳು.

ಅವಳ ಮದುವೆಯ ಮಾತು ಚಿಕ್ಕಂದಿನಿಂದಲೂ ಇತ್ತು. ಬೀಚನಹಳ್ಳಿಯಲ್ಲಿ ನೀರಾವರಿ ಕೆಲಸದಲ್ಲಿರುವ ನನ್ನ ಹೆಂಡತಿಯ ಅಣ್ಣನ ಮಗನಿಗೇ ಕೊಡುವುದೆಂದು ಎರಡೂ ಮನೆಯಲ್ಲಿ ಒಪ್ಪಿಗೆಯಾಗಿತ್ತು. ಅಕ್ಕ ಒಬ್ಬಳೇ ಮಿರ್ಲೆಯಿಂದ ಮೂರು ಬಸ್ಸು ಬದಲಾಯಿಸಿಕೊಂಡು ಬೀಚನಹಳ್ಳಿಗೆ ಹೋಗಿ, ಮಾವನ ಇರುಳುಗಣ್ಣಿನಿಂದ ಹಿಡಿದು ಎಲ್ಲವನ್ನೂ ಅವರ ಮುಂದೆ ಹೇಳಿ, ಈ ಸಂಬಂಧ ಬೇಡ ಎಂದು ಬಂದಳು. ಸತ್ತುಹೋದ ತನ್ನ ಅಪ್ಪನಿಗೆ ಹೆಸರಿಟ್ಟಳೆಂದು ಹೆಂಡತಿಯ ಅಣ್ಣ ಸಿಟ್ಟಾದ. ಆವತ್ತಿನಿಂದ ಆ ಮನೆಯವರು ನಮ್ಮ ಹೊಸಿಲು ತುಳಿದಿಲ್ಲ. ಹೆಂಡತಿಗೆ ತವರು ಇಲ್ಲದ ಹಾಗಾಯಿತು. ಸುದ್ದಿ ಊರೂರಿಗೂ ಹೋಯಿತು, ಬೇರೆ ಕಡೆಯಿಂದಲೂ ಹೆಣ್ಣು ಕೇಳಲು ಯಾರೂ ಬರಲಿಲ್ಲ. ಅಕ್ಕ ಮಾಡಿದ್ದು ಸರಿ ಎಂದು ನನಗೆ ಗೊತ್ತು. ಸರಿಯಾದದ್ದರಿಂದ ಮನೆಗೆ ಬೆಳಕು ಬಂತು ಎನ್ನುವ ಹಾಗಿಲ್ಲ.

ನನಗೂ ಒಂದು ಕೆಲಸ ಸಿಕ್ಕಿದೆ. ನಾನು ನರಸೀಪುರದ ರಸ್ತೆಯಲ್ಲಿ ಲಾರಿ ಬಸ್ಸು ಹೇಳುತ್ತಿದ್ದದ್ದನ್ನು ಅಕ್ಕ ನನ್ನ ಹಳೆಯ ಕಂಡಕ್ಟರಿಗೆ ಹೇಳಿದ್ದಳು. ಅವನು ಹ್ಯಾಂಡ್‌ಪೋಸ್ಟಿನಲ್ಲಿ ಖಾಸಗಿ ಬಸ್ಸಿಗೆ ಜನರನ್ನು ಕೂಗಿ ಹತ್ತಿಸುವ ಕೆಲಸ ಕೊಡಿಸಿದ. ಬಸ್ಸು ತಿರುವಿನಲ್ಲಿ ಇರುವಾಗಲೇ ಯಾವ ಕಡೆಯದು ಎಂದು ಹೇಳಿ, "ಹುಣಸೂರು, ಹುಣಸೂರು" ಎಂದು ಕೂಗುತ್ತೇನೆ. ಜನ ಹತ್ತುತ್ತಾರೆ, ಬಸ್ಸು ಹೋಗುತ್ತದೆ, ನಾನು ನಿಂತಿರುತ್ತೇನೆ. ಎದುರಿನವರ ಮುಖ ಮಧ್ಯಾಹ್ನದಲ್ಲಿ ಮಾತ್ರ, ಅದೂ ಕೊಳವೆಯಲ್ಲಿ ಇಣುಕಿದ ಹಾಗೆ ಕಾಣುತ್ತದೆ. ಒಂದು ಕಡೆ ನೆಟ್ಟಗೆ ನಿಂತು ಕೂಲಿ ಮಾಡುತ್ತಿದ್ದೇನೆ ಎನ್ನುವುದಷ್ಟೇ ಸಮಾಧಾನ.

ಆ ನಡಿಗೆಯಾಗಿ ನಾಲ್ಕು ವರ್ಷವಾಯಿತು. ಈ ಶಿವರಾತ್ರಿಗೆ ಅಕ್ಕನ ಮಂಡಿ ಕೈಕೊಟ್ಟು ಅವಳು ಮನೆಯಲ್ಲೇ ಉಳಿದಳು. ಮಗಳು "ನಾನು ಬತ್ತೀನಿ" ಎಂದು ಹೊರಟಳು. ಏನು ಬೇಡಿಕೊಳ್ಳುತ್ತೀಯ ಎಂದು ನಾನು ಕೇಳಲಿಲ್ಲ. ಹಗಲೆಲ್ಲ ಅವಳು ನನ್ನ ಪಕ್ಕ ನಡೆಯುತ್ತಾ ದಾರಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಊರಿನ ಹೆಸರು, ಗೊಬ್ಬರದ ಅಂಗಡಿ, ಶಾಲೆ, ಸೀಮೆಂಟಿನ ಜಾಹೀರಾತು, ಯಾವುದನ್ನೂ ಬಿಡಲಿಲ್ಲ. ನನಗಾಗಿ ಓದುತ್ತಿದ್ದಾಳೆ ಎಂದು ಮೊದಲು ಅಂದುಕೊಂಡೆ. ನಾನು ಮುಂದೆ ಹೋದರೂ ಅವಳು ನಿಂತು ಓದುತ್ತಲೇ ಇದ್ದಳು.

ಸಂಜೆ ಮಬ್ಬಾಗುತ್ತಿದ್ದಂತೆ ನಾವಿಬ್ಬರೂ ಟೆಂಪೋ ಹತ್ತಿ ಅಕ್ಕಿ ಮೂಟೆಗಳ ನಡುವೆ ಕೂತೆವು. ಉಳಿದವರು ನಡೆದು ಬಂದರು.