ತಮ್ಮನ ಮಷೀನು

ಹುಲ್ಲಕ್ಕ ಎಂದು ಅವಳಿಗೆ ಹೆಸರಿಟ್ಟವರು ಗೌರವಕ್ಕೇನೂ ಇಟ್ಟಿರಲಿಲ್ಲ. ಗಾಲ್ಫ್ ಮೈದಾನದಲ್ಲಿ ಕಳೆ ಕೀಳುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಇಡೀ ದಿನ ಮಂಡಿಯೂರಿ, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ಕೂತಿರುತ್ತಿದ್ದಳು. ಮಷೀನು ಓಡಿಸುವ ಗಂಡಸರು ಹಾದುಹೋಗುವಾಗ, “ಏನಕ್ಕಾ, ಹುಲ್ಲು ಮೇಯ್ತಾ ಇದೀಯಾ?” ಎಂದು ಕಿಚಾಯಿಸುತ್ತಿದ್ದರು. ಹೆಸರು ಅಲ್ಲಿಂದ ಅಂಟಿಕೊಂಡಿತು. ಆ ಗಂಡಸರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು, ಕೆಲವರು ಲೋಕವನ್ನೇ ಬಿಟ್ಟರು. ಇವಳು ಮಾತ್ರ ಕಳೆಯಿಂದ ನೀರಿಗೆ, ನೀರಿನಿಂದ ಮಷೀನಿಗೆ ಬಡ್ತಿ ಪಡೆಯುತ್ತ ಕೊನೆಗೆ ಇಡೀ ಮೈದಾನದ ಹುಲ್ಲಿನ ಮೇಲ್ವಿಚಾರಕಿಯಾದಳು. ಆಮೇಲೆ ಅದೇ ಹೆಸರನ್ನು ಜನ ದನಿ ತಗ್ಗಿಸಿ ಹೇಳತೊಡಗಿದರು.

ಗಾಲ್ಫ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಂದು ಪುಟ್ಟ ಚೆಂಡನ್ನು ಕೋಲಿನಿಂದ ಹೊಡೆದು, ಊರಗಲ ನೆಲ ದಾಟಿಸಿ, ಒಂದು ಪುಟ್ಟ ಗುಳಿಗೆ ಬೀಳಿಸಬೇಕು. ಗುಳಿಯ ಸುತ್ತ ಇರುವ ನುಣ್ಣನೆಯ ಹುಲ್ಲಿನ ಹಾಸಿಗೆ ಗ್ರೀನ್ ಎನ್ನುತ್ತಾರೆ. ಅಲ್ಲಿ ದಿನಾ ಬೆಳಗ್ಗೆ ಹುಲ್ಲು ಕತ್ತರಿಸಬೇಕು. ಒಂದು ದಿನ ತಪ್ಪಿದರೂ ಚೆಂಡು ತಡವರಿಸುತ್ತದೆ, ಚೆಂಡು ತಡವರಿಸಿದರೆ ದೊಡ್ಡ ಮನುಷ್ಯರ ಮುಖ ಸಿಂಡರಿಸುತ್ತದೆ. ಇಷ್ಟು ದೊಡ್ಡವರು ಇಷ್ಟು ಸಣ್ಣ ಗುಳಿಗೆ ಯಾಕೆ ಇಷ್ಟೊಂದು ಒದ್ದಾಡುತ್ತಾರೋ ಹುಲ್ಲಕ್ಕನಿಗೆ ಇವತ್ತಿಗೂ ಅರ್ಥವಾಗಿಲ್ಲ. ಅವಳಿಗೆ ಆಟ ಬೇಕಿರಲಿಲ್ಲ, ಹುಲ್ಲು ಬೇಕಿತ್ತು.

ಅಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದು ಈ ಹುಲ್ಲಿನಿಂದ. ಓದು ತಲೆಗೆ ಹತ್ತದ ತಮ್ಮ ಬೀದಿ ಪಾಲಾಗುತ್ತಾನೆಂದು ಅಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಾಗ, ಅವನನ್ನು ಕರೆತಂದು ತನ್ನ ಕೈಕೆಳಗೆ ಕೆಲಸಕ್ಕೆ ಹಚ್ಚಿದವಳೂ ಅವಳೇ. ನೀರು ಎಷ್ಟು, ಗೊಬ್ಬರ ಎಷ್ಟು, ಬ್ಲೇಡು ಎಷ್ಟು ತಗ್ಗಿಸಬೇಕು ಎಲ್ಲ ಹೇಳಿಕೊಟ್ಟಳು. ಆದರೆ ಎಲ್ಲಕ್ಕಿಂತ ಮೊದಲು ಹೇಳಿಕೊಟ್ಟದ್ದು ತೊಳೆಯುವುದನ್ನು. ಒಂದು ಮೈದಾನದ ಮಷೀನು ಇನ್ನೊಂದಕ್ಕೆ ಕೈಬದಲು ಹೋಗುವುದು ಈ ಕೆಲಸದಲ್ಲಿ ಇದ್ದದ್ದೇ. ವಾಪಸು ಕೊಡುವವರು ಬ್ಲೇಡು, ರೋಲರು, ಗಾಲಿ ಎಲ್ಲ ತೊಳೆದು, ಔಷಧಿ ನೀರು ಹಾಕಿ, ಒರೆಸಿ ಕೊಡಬೇಕು. ವಾಪಸು ಇಸಕೊಂಡವರು ಮತ್ತೆ ತೊಳೆಯುವ ಹಾಗಿಲ್ಲ. ತೊಳೆದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಹುಲ್ಲಿನವರ ನಡುವೆ ಬರಹದಲ್ಲಿಲ್ಲದ ಮರ್ಯಾದೆ ಅದು.

ತಮ್ಮ ಕಲಿತ, ಚೆನ್ನಾಗಿಯೇ ಕಲಿತ. ಊರಿನ ಆಚೆ ತುದಿಯಲ್ಲಿ ಹೊಸ ಮೈದಾನ ಶುರುವಾದಾಗ ಅಲ್ಲಿಯವರು ಅವನನ್ನೇ ಮೇಲ್ವಿಚಾರಕನನ್ನಾಗಿ ಕರೆದರು. ಹೆಂಡತಿ ಮಕ್ಕಳ ಜೊತೆ ಇರಲು ಅಲ್ಲೇ ಕ್ವಾರ್ಟರ್ಸು ಕೊಟ್ಟರು. ಹುಲ್ಲಕ್ಕ ಅಮ್ಮನ ಜೊತೆ ಹಳೆಯ ಮೈದಾನದಲ್ಲೇ, ಮಷೀನು ಶೆಡ್ಡಿಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ಉಳಿದಳು.

ಆ ವರ್ಷ ರಾಷ್ಟ್ರೀಯ ಟೂರ್ನಿ ಎಲ್ಲಿ ನಡೆಸುವುದೆಂದು ಹುಡುಕುತ್ತ ಆಯ್ಕೆ ಸಮಿತಿಯವರು ಹತ್ತಾರು ಕಡೆ ಸುತ್ತಿದರು. ಸೋಸಿ ಸೋಸಿ ಕೊನೆಗೆ ಉಳಿದದ್ದು ಎರಡೇ ಮೈದಾನ, ಅಕ್ಕನದು ಮತ್ತು ತಮ್ಮನದು. ಮೊದಲು ಅಕ್ಕನದನ್ನು ನೋಡುವುದು, ಅದೇ ವಾರದ ಕೊನೆಗೆ ತಮ್ಮನದನ್ನು ನೋಡುವುದು ಎಂದು ಗೊತ್ತಾಯಿತು. ಜನಕ್ಕೆ ಒಳ್ಳೆ ತಮಾಷೆ ಸಿಕ್ಕಿತು. “ಮನೇಲೇ ಫೈನಲ್ ಆಡ್ಕೊಂಡ್ಬಿಡಿ” ಎಂದರು. ಹುಲ್ಲಕ್ಕನೂ ನಕ್ಕಳು. ಕ್ಲಬ್ಬಿನ ಕಾರ್ಯದರ್ಶಿ ಒಳಗೆ ಕರೆದು ಬಾಗಿಲು ಹಾಕುವವರೆಗೂ ನಗುತ್ತಿದ್ದಳು.

“ನೋಡಮ್ಮ, ಮುಚ್ಚಿಟ್ಟು ಏನು ಪ್ರಯೋಜನ” ಎಂದರು ಕಾರ್ಯದರ್ಶಿ. “ಟೂರ್ನಿ ಬಂದ್ರೆ ನಾವು ಉಳಿದ್ವಿ. ಬರಲಿಲ್ಲಾಂದ್ರೆ ಈ ಜಾಗ ಮಾರ್ತಾರೆ. ಕೊಳ್ಳೋರು ಬಂದು ನೋಡ್ಕೊಂಡೂ ಹೋಗಿದಾರೆ.”

“ಹುಲ್ಲು ಏನಾಗತ್ತೆ ಸಾರ್?”

“ಹುಲ್ಲೇನಮ್ಮ, ಕಟ್ಟಡ ಬರತ್ತೆ. ನೀನು ಮನೆ ಬಗ್ಗೆ ಯೋಚನೆ ಮಾಡು, ಹುಲ್ಲಿನ ಬಗ್ಗೆ ಕೇಳ್ತೀಯಲ್ಲ!”

ಹೊರಗೆ ಬಂದಳು. ಈ ವಯಸ್ಸಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಎದ್ದರೆ ಮಂಡಿ ಹಿಡಿಯುವ ಅಮ್ಮನನ್ನು ಕಟ್ಟಿಕೊಂಡು ಯಾವ ಬಾಡಿಗೆ ಮನೆಯ ಮೆಟ್ಟಿಲು ಹತ್ತುವುದು? ಕೈಕೆಳಗಿನ ಕೆಲಸದವರಿಗೆ ಏನು ಹೇಳುವುದು? ಮೈದಾನದ ಮಧ್ಯೆ ನಿಂತು ಸುತ್ತ ನೋಡಿದಳು. ಒಂದೊಂದು ಗ್ರೀನಿನಲ್ಲೂ ಅವಳ ಒಂದೊಂದು ವಯಸ್ಸು ಕಳೆದಿತ್ತು.

ಗ್ರಹಚಾರ ಒಂಟಿಯಾಗಿ ಬರಲಿಲ್ಲ. ಸಮಿತಿ ಬರುವ ಹಿಂದಿನ ಸಂಜೆ ಅವಳ ಗ್ರೀನ್ ಮಷೀನಿನ ಬ್ಲೇಡಿಗೆ ಕಲ್ಲು ಸಿಕ್ಕಿ ರೋಲರೇ ಸೊಟ್ಟಗಾಯಿತು. ರಿಪೇರಿಯವನು ಬಂದು ನೋಡಿ, ಸಾಮಾನು ಹೊರಗಿನಿಂದ ಬರಬೇಕು, ಒಂದು ವಾರವಾದರೂ ಬೇಕು ಎಂದು ಕೈಚೆಲ್ಲಿಬಿಟ್ಟ. ಅವಳಿಗೆ ಹೊಳೆದದ್ದು ಒಂದೇ ಹೆಸರು. ಎದುರಾಳಿ ಎಂದು ಗೊತ್ತಿದ್ದೂ ಫೋನು ತೆಗೆದಳು.

“ಬೆಳಗ್ಗೇನೇ ಕಳಿಸ್ತೀನಕ್ಕ” ಎಂದ ತಮ್ಮ, ಒಂದು ಕ್ಷಣವೂ ತಡವರಿಸದೆ. “ನಮ್ಮೋರಿಗೆ ಗೊತ್ತಾದ್ರೆ ಚರ್ಮ ಸುಲೀತಾರೆ. ಹೊತ್ತೇರೋದ್ರೊಳಗೆ ವಾಪಸ್ ಕಳಿಸ್ಬಿಡು, ನಮ್ಮಲ್ಲೂ ಕಟಿಂಗ್ ಆಗ್ಬೇಕು.”

“ನೀನು ಸೋತ್ರೆ ನನ್ನ ಬೈಬೇಡ ಮತ್ತೆ.”

“ಸೋತ್ರೆ ನಿನ್ನ ಕೈಯಲ್ಲೇ ತಾನೇ ಸೋಲೋದು. ಬಿಡು.”

ಬೆಳಗಿನ ಮಂಜಿನಲ್ಲೇ ಮಷೀನು ಬಂತು. ಹುಲ್ಲಕ್ಕ ಯಾರ ಕೈಗೂ ಕೊಡದೆ ತಾನೇ ಓಡಿಸಿದಳು. ಒಂದಾದ ಮೇಲೊಂದು ಗ್ರೀನು ಮುಗಿಸುತ್ತ ಕೊನೆಗೆ ತಗ್ಗಿನಲ್ಲಿ, ಮರದ ನೆರಳಿನಲ್ಲಿರುವ ಕೊನೆಯ ಗ್ರೀನಿಗೆ ಬಂದಳು. ಅದನ್ನೂ ಮುಗಿಸಿ ಶೆಡ್ಡಿಗೆ ಬರುವಷ್ಟರಲ್ಲಿ ತಮ್ಮ ಕಳಿಸಿದ ವ್ಯಾನಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. “ಬೇಗ ಅಮ್ಮಾ, ಅಲ್ಲಿ ಮಷೀನಿಲ್ಲದ್ದನ್ನ ಯಾರಾದ್ರೂ ನೋಡಿದ್ರೆ ನಿಮ್ಮ ತಮ್ಮನ ಕಥೆ ಮುಗೀತು.” ಅದೇ ಹೊತ್ತಿಗೆ ಕಾರ್ಯದರ್ಶಿಯ ಫೋನು, ಸಮಿತಿ ಆಗಲೇ ಹೊರಟಿದೆಯೆಂದು. ಅವಳು ನೀರಿನ ಪೈಪಿನ ಕಡೆ ನೋಡಿದಳು. ವ್ಯಾನಿನ ಕಡೆ ನೋಡಿದಳು. “ಏರಿಸ್ಕೊಳ್ಳಪ್ಪ” ಎಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಮಷೀನು ಅವಳ ಕೈಯಿಂದ ತೊಳೆಯದೆ ಹೋಯಿತು.

ದಿನದ ವಾಡಿಕೆಯಂತೆ ಗುಳಿಯ ಜಾಗ ಬದಲಿಸಲು ಕೊನೆಯ ಗ್ರೀನಿಗೆ ಮರಳಿ ಹೋದಾಗ ಕಂಡಿತು. ಅಂಚಿನಲ್ಲಿ ಹುಲ್ಲು ಕಪ್ಪಗೆ, ಎಣ್ಣೆ ಚೆಲ್ಲಿದಂತೆ ಅಂಟಂಟಾಗಿ ಮಲಗಿತ್ತು. ಬಗ್ಗಿ ನೋಡಿದಳು. ಬುಡದಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು. ಹುಲ್ಲಿನ ಕೊಳೆರೋಗ. ನೀರಿನಲ್ಲಿ ಹರಿದು, ಚಪ್ಪಲಿಗೆ ಅಂಟಿ, ಎಲ್ಲಕ್ಕಿಂತ ವೇಗವಾಗಿ ಬ್ಲೇಡಿನ ಮೇಲೆ ಕೂತು ಪ್ರಯಾಣ ಮಾಡುವ ಪೀಡೆ. ಎರಡು ಮೂರು ದಿನದಲ್ಲಿ ಹಸಿರನ್ನು ಬೂದಿ ಮಾಡುತ್ತದೆ. ಕೊನೆಯಲ್ಲಿ ಕತ್ತರಿಸಿದ್ದರಿಂದ ಅವಳ ಉಳಿದ ಗ್ರೀನುಗಳು ಬಚಾವಾಗಿದ್ದವು. ಬ್ಲೇಡಿನ ಮೇಲಿದ್ದದ್ದು ಮಾತ್ರ ವ್ಯಾನು ಹತ್ತಿ ತಮ್ಮನ ಮನೆಗೆ ಹೋಗಿತ್ತು.

ಅಲ್ಲೇ ಕೂತುಬಿಟ್ಟಳು. ಅಳುವುದಕ್ಕೂ ಪುರಸೊತ್ತಿರಲಿಲ್ಲ. ರೋಗ ಹಿಡಿದ ಭಾಗವನ್ನು ಗುದ್ದಲಿಯಿಂದ ಕೊಯ್ದು ತೆಗೆದು, ಹಿತ್ತಲಿನ ಪಾತಿಯಲ್ಲಿ ಇಂಥ ಕಾಲಕ್ಕೆಂದೇ ಬೆಳೆಸಿಟ್ಟಿದ್ದ ಹುಲ್ಲಿನ ಹಾಳೆ ತಂದು ಕೂರಿಸಿ, ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡಿ, ಔಷಧಿ ಹೊಡೆದಳು. ಗುಳಿಯನ್ನು ದೂರದ ಇನ್ನೊಂದು ತುದಿಗೆ ತೆಗೆದಳು, ಆ ಅಂಚಿಗೆ ಯಾರ ಕಾಲೂ ಹೋಗದ ಹಾಗೆ. ಸಮಿತಿಯವರು ಬಂದರು, ನಡೆದರು, ಚೆಂಡು ಉರುಳಿಸಿದರು, ತಲೆದೂಗಿದರು. ಕಾರ್ಯದರ್ಶಿ ಅವಳ ಬೆನ್ನು ತಟ್ಟಿದರು. ಅವಳಿಗೆ ಯಾವುದೂ ಕೇಳಿಸುತ್ತಿರಲಿಲ್ಲ.

ಈಗ ಹೇಳಬಹುದಿತ್ತು. ಆ ಸಂಜೆಯೇ ಔಷಧಿ ಹೊಡೆದರೆ ತಮ್ಮನ ಹುಲ್ಲು ಉಳಿಯುತ್ತಿತ್ತು. ಆದರೆ ತನ್ನಲ್ಲಿ ಉಳಿದಿದ್ದ ಔಷಧಿ ಅಷ್ಟು ಗ್ರೀನುಗಳಿಗೆ ಸಾಲದು, ಅಲ್ಲಿಯ ಔಷಧಿ ಕೋಣೆಯ ಬೀಗ ಅವನ ಮೇಲಿನವರ ಕೈಯಲ್ಲಿ. ಅವರು ಯಾಕೆ ಎಂದು ಕೇಳುತ್ತಾರೆ, ಅವನು ಹೇಳಲೇಬೇಕು, ಅವರು ಸಮಿತಿಯ ಕಿವಿಗೆ ಹಾಕದೆ ಬಿಡುವವರಲ್ಲ. ರೋಗವಿರುವ ಮೈದಾನಕ್ಕೆ ಟೂರ್ನಿ ಕೊಡುವಂತಿಲ್ಲ ಎಂಬುದು ನಿಯಮ. ತಮ್ಮನನ್ನು ಉಳಿಸಿದರೆ ಈ ಮೈದಾನ ಹೋಯಿತು, ಮನೆ ಹೋಯಿತು, ಎಲ್ಲ ಹೋಯಿತು. ಅವನದು ಶ್ರೀಮಂತರ ಕ್ಲಬ್ಬು, ಟೂರ್ನಿ ಇಲ್ಲದಿದ್ದರೂ ಬದುಕುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮತ್ತೆ ಮತ್ತೆ ಹೇಳಿಕೊಂಡಳು. ಎಷ್ಟು ಹೇಳಿಕೊಂಡರೂ ಎದೆಯ ಭಾರ ಇಳಿಯಲಿಲ್ಲ. ಕೊನೆಗೆ ತಡೆಯಲಾರದೆ ಫೋನು ಮಾಡಿಯೇಬಿಟ್ಟಳು.

“ಹೇಳಕ್ಕಾ! ಹೇಗಾಯ್ತು? ಮಷೀನು ಬಂತು, ಬಂದ ತಕ್ಷಣ ನಮ್ದೂ ಎಲ್ಲ ಕಟಿಂಗ್ ಮುಗಿಸ್ದೆ.”

ನಾಲಗೆಯ ತುದಿಗೆ ಬಂದಿತ್ತು. ಬಾಯಿ ತೆರೆದಳು.

“ಊಟ ಆಯ್ತಾ?” ಎಂದಳು.

“ಆಯ್ತು. ಯಾಕೆ ದನಿ ಒಂಥರಾ ಇದೆ?”

“ಸುಸ್ತು ಕಣೋ. ಮಕ್ಕಳು ಹೇಗಿದಾರೆ?”

ಮಕ್ಕಳ ಬಗ್ಗೆ ಅವನು ಎಷ್ಟೋ ಹೊತ್ತು ಮಾತಾಡಿದ. ಅವಳು ಹೂಂಗುಟ್ಟಿದಳು, ಫೋನು ಇಟ್ಟಳು, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. “ಏನೇ ಅದು, ಹೊಟ್ಟೆ ಕೆಟ್ಟಿದ್ಯಾ?” ಎಂದು ಅಮ್ಮ ಒಳಗಿನಿಂದ ಕೇಳಿದಳು. ಹೌದಮ್ಮ ಎಂದಳು.

ಮುಂದಿನದು ಬೇಗ ಬೇಗ ನಡೆದುಹೋಯಿತು. ತಮ್ಮನ ಮೈದಾನಕ್ಕೆ ಸಮಿತಿ ಕಾಲಿಟ್ಟ ದಿನ ಅಲ್ಲಿಯ ಗ್ರೀನುಗಳೆಲ್ಲ ಸುಟ್ಟಂತಾಗಿದ್ದವಂತೆ. ಟೂರ್ನಿ ಹಳೆಯ ಮೈದಾನಕ್ಕೆ ಬಂತು. ಕಾರ್ಯದರ್ಶಿ ಕೆಲಸದವರನ್ನೆಲ್ಲ ಸೇರಿಸಿ ಭಾಷಣ ಮಾಡಿದರು, ಹುಲ್ಲಕ್ಕನ ಕೊರಳಿಗೆ ಹಾರ ಹಾಕಿದರು. ಟೂರ್ನಿ ಕೆಲಸಕ್ಕೆ ಇನ್ನಷ್ಟು ಆಳುಗಳನ್ನು ನೀನೇ ಸೇರಿಸಿಕೋ ಎಂದು ಅಧಿಕಾರವನ್ನೂ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾರ ತೆಗೆದಿಡಲು ಜಾಗ ಹುಡುಕುತ್ತ ಅವಳು ಶೆಡ್ಡಿಗೆ ಹೋಗಿ ಕೂತಳು.

ಮರುದಿನ ಮಧ್ಯಾಹ್ನ ತಮ್ಮ ಬಂದ. ಅವಳು ರಿಪೇರಿಯಾಗಿ ಬಂದ ಮಷೀನಿನ ಬ್ಲೇಡು ಸಾಣೆ ಹಿಡಿಯುತ್ತಿದ್ದಳು. ಅವನ ಗಡ್ಡ ಬೆಳೆದಿತ್ತು.

“ಕೆಲಸ ಹೋಯ್ತಕ್ಕ” ಎಂದ. ಸ್ಟೂಲು ಎಳೆದುಕೊಂಡು ಕೂತ. “ರೋಗ ಪಟ್ಟೆ ಪಟ್ಟೆಯಾಗಿ ಬಂದಿತ್ತು, ಮಷೀನು ಓಡಿದ ದಾರೀಲೇ. ಮಷೀನಲ್ಲೇ ಬಂದಿದ್ದು ಅಂತ ಕುರುಡನಿಗೂ ಗೊತ್ತಾಗತ್ತೆ. ಯಾರಿಗೆ ಕೊಟ್ಟಿದ್ದೆ ಅಂದ್ರು. ಅಕ್ಕನಿಗೆ ಅಂದೆ.”

ಸಾಣೆ ಕಲ್ಲು ಅವಳ ಕೈಯಲ್ಲೇ ನಿಂತಿತು. “ಆಮೇಲೆ?”

“ಹಾಗಾದ್ರೆ ಅಲ್ಲಿಂದ್ಲೇ ಬಂದಿದೆ, ಸಮಿತಿಗೆ ದೂರು ಕೊಡ್ತೀವಿ ಅಂದ್ರು. ನಾನು ಬಿಡ್ಲಿಲ್ಲ. ನಮ್ಮಕ್ಕ ತೊಳೀದೆ ಮಷೀನು ಕೊಡೋಳಲ್ಲ, ತಪ್ಪು ನಂದೇ, ನಮ್ಮ ಶೆಡ್ಡಲ್ಲೇ ಏನೋ ಎಡವಟ್ಟಾಗಿದೆ ಅಂತ ಒಪ್ಕೊಂಡೆ. ತೆಗೆದುಹಾಕಿದ್ರು.” ಅವನು ನಗಲು ನೋಡಿದ. “ಕ್ವಾರ್ಟರ್ಸ್ ಖಾಲಿ ಮಾಡ್ಬೇಕು. ಇಲ್ಲಿ ಆಳು ತಗೋತಾರಂತಲ್ಲ, ಅದಕ್ಕೆ ಬಂದೆ. ಯಾವ ಕೆಲಸ ಆದ್ರೂ ಸರಿ, ಕಳೆ ಕೀಳೋದಾದ್ರೂ ಸರಿ.”

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರುವುದು ಅವಳಿಗೆ ಅಭ್ಯಾಸವೂ ಆಗಿತ್ತು. ಆದರೆ ಅವನ ಕಣ್ಣಿನಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. ಅದನ್ನು ಅವಳಿಂದ ಸಹಿಸಲಾಗಲಿಲ್ಲ.

“ತೊಳೀಲಿಲ್ಲ ಕಣೋ” ಎಂದಳು.

ಅವನು ಅವಳ ಮುಖವನ್ನೇ ನೋಡಿದ.

“ವ್ಯಾನು ಕಾಯ್ತಾ ಇತ್ತು. ತೊಳೀಲಿಲ್ಲ. ಆಮೇಲೆ ನೋಡಿದ್ರೆ ಕೊನೇ ಗ್ರೀನಲ್ಲಿ ರೋಗ.”

“ಅವತ್ತು ಸಂಜೆ ಫೋನ್ ಮಾಡಿದ್ಯಲ್ಲ. ಆಗ ಗೊತ್ತಿತ್ತಾ?”

“ಗೊತ್ತಿತ್ತು.”

“ಮಕ್ಕಳು ಹೇಗಿದಾರೆ ಅಂತ ಕೇಳ್ದೆ ನೀನು” ಎಂದ ಅವನು, ಬೇರೆ ಯಾರಿಗೋ ಹೇಳುವಂತೆ.

ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ, ಕೈಗೆ ಸಿಕ್ಕಿದ್ದು ಎತ್ತಿ ಎಸೆದಿದ್ದರೆ ಅವಳ ಜೀವಕ್ಕೆ ಎಷ್ಟೋ ಹಾಯೆನಿಸುತ್ತಿತ್ತು. ಅವನು ಎದ್ದು, ಸ್ಟೂಲನ್ನು ಇದ್ದ ಜಾಗಕ್ಕೇ ಇಟ್ಟ. ಬಾಗಿಲವರೆಗೆ ಹೋದವನು ನಿಂತ. ಹೋಗಿಬಿಡಲು ಅವನಿಗೂ ಜಾಗವಿರಲಿಲ್ಲ.

“ನಾಳೆ ಎಷ್ಟು ಹೊತ್ತಿಗೆ ಬರ್ಬೇಕು ಮೇಡಂ?” ಎಂದು ಕೇಳಿದ.

ಅವಳು ಸಾಣೆ ಕಲ್ಲು ಬಿಟ್ಟು ಎದ್ದಳು. “ಹಾಗನ್ಬೇಡ್ವೋ. ಅಕ್ಕ ಅನ್ನೋ. ಬೈಯೋ, ಹೊಡಿಯೋ, ಅಕ್ಕ ಅನ್ನೋ.”

“ನೀವು ಹೇಳಿದ ಹೊತ್ತಿಗೆ ಬರ್ತೀನಿ ಮೇಡಂ.”

ಬೆಳಕು ಹರಿಯುವ ಮೊದಲು ಬಾ ಎಂದಳು. ಮರುದಿನ ಅವನು ಅದಕ್ಕೂ ಮೊದಲೇ ಬಂದು ಶೆಡ್ಡಿನ ಬಾಗಿಲಲ್ಲಿ, ಹೊಸದಾಗಿ ಸೇರಿದ ಉಳಿದ ಆಳುಗಳ ಸಾಲಿನಲ್ಲಿ ನಿಂತಿದ್ದ.